ಲಾರಿ ಟೈರಿನ ಅಟ್ಟೆ

ಮನು, ದಸರಾ ರಜೆಗೆ ಬಂದಾಗ ನೀನು ಮೊಣಕಾಲು ಉಳುಕಿಸಿಕೊಂಡು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆಯಲ್ಲ, ನಿಮ್ಮಮ್ಮ ನೋವಿನ ಮುಲಾಮು ತಂದು ತಿಕ್ಕಿದಳು. ಆ ವಾಸನೆ ಅಡುಗೆಮನೆಯವರೆಗೂ ಬಂತು. ಬೆಳ್ಳುಳ್ಳಿ ಬಿಡಿಸುತ್ತಿದ್ದ ನಾನು ಹಾಗೇ ಕೈಬಿಟ್ಟು ಕೂತುಬಿಟ್ಟೆ. ಮುಲಾಮು, ಬೆಳ್ಳುಳ್ಳಿ, ಇವೆರಡರ ವಾಸನೆ ಒಟ್ಟಿಗೆ ಮೂಗಿಗೆ ಬಂದು ಎಷ್ಟೋ ಕಾಲವಾಗಿತ್ತು. ಆಮೇಲೆ ಹೊರಗೆ ಬಂದು ನೋಡಿದರೆ ನೀನು ಫೋನಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದೆ. ಚಿನ್ನು ನಿನ್ನ ಹೆಗಲ ಮೇಲಿಂದ ಬಗ್ಗಿಕೊಂಡಿದ್ದಳು. ಇದರಲ್ಲಿ ನಡುವೆ ಆಡುವವನು ಯಾವನು ಎಂದು ನಾನು ಕೇಳಿದೆ. ಅಣ್ಣ ತಂಗಿ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕಿರಿ. ಅಜ್ಜಿಗೆ ಫುಟ್‌ಬಾಲ್ ಹೇಗೆ ಗೊತ್ತು ಎಂದು ಚಿನ್ನು ಕೇಳಿದಳು. ನಾನು ಮತ್ತೆ ಬೆಳ್ಳುಳ್ಳಿ ಬಿಡಿಸಲು ಒಳಗೆ ಹೋದೆ.

ನನಗೆ ಮಾತು ಬೇಗ ಬಾಯಿಗೆ ಬರುವುದಿಲ್ಲ. ನಾಲ್ಕು ಜನ ನೋಡುತ್ತಿದ್ದರೆ ಬಂದದ್ದೂ ನಿಂತುಹೋಗುತ್ತದೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದು ಈಗ ಉಪಯೋಗಕ್ಕೆ ಬಂತು ಎಂದುಕೊಂಡು ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಬರೆದದ್ದಲ್ಲ. ಕಣ್ಣು ನೋವು ಬಂದಾಗ ಬಿಟ್ಟು, ಮತ್ತೆ ಹಿಡಿದು ಬರೆದದ್ದು.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಅಡುಗೆಗೆ ಸೇರಿದ್ದು ನಿಮಗೆ ಗೊತ್ತು. ರೇಷ್ಮೆ ಹುಳ ಸಾಕುವುದನ್ನು ಒಬ್ಬಳೇ ಮಾಡಲು ನನಗೆ ಆಗಲಿಲ್ಲ. ಬೆಟ್ಟದ ಪೋಡುಗಳ, ಅಂದರೆ ಕಾಡಿನೊಳಗಿನ ಹಾಡಿಗಳ ಮಕ್ಕಳು, ಲೊಕ್ಕನಹಳ್ಳಿ ಕಡೆಯ ಕಾಡಂಚಿನ ಮಕ್ಕಳು ಅಲ್ಲಿ ಓದುತ್ತಿದ್ದರು. ಬೆಳಗಾಗುವ ಮುಂಚೆ ಒಲೆ ಹಚ್ಚಬೇಕು, ಕೊನೆಯ ತಟ್ಟೆ ತೊಳೆಯುವವರೆಗೂ ನಿಂತೇ ಇರಬೇಕು. ಆ ವರ್ಷವೆಲ್ಲ ನನಗೆ ದಣಿವು ಬಿಟ್ಟರೆ ಬೇರೆ ನೆನಪಿಲ್ಲ. ಮೈ ದಣಿದರೆ ಮನಸ್ಸು ಸುಮ್ಮನಿರುತ್ತದೆ ಎಂದು ಯಾರೋ ಸಮಾಧಾನ ಹೇಳಿದ್ದರು. ಎರಡೂ ದಣಿದವು, ಅಷ್ಟೆ.

ಮಖೆ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಆಟೋ ಬಂದು ನಿಂತಿತು. ಅದರಿಂದ ಒಂದೊಂದೇ ಕಾಲು ಇಳಿಸಿಕೊಂಡು ಒಬ್ಬ ಎತ್ತರದ ಮನುಷ್ಯ ಇಳಿದ. ಸ್ಪೇನ್ ದೇಶದವನು, ದೊಡ್ಡ ದೊಡ್ಡ ತಂಡಗಳಲ್ಲಿ ಫುಟ್‌ಬಾಲ್ ಆಡಿ ನಿವೃತ್ತನಾದವನು, ದೀಪಾವಳಿಯವರೆಗೆ ನಮ್ಮಲ್ಲೇ ಇದ್ದು ಹುಡುಗಿಯರಿಗೆ ಆಟ ಕಲಿಸುತ್ತಾನೆ ಎಂದು ಒಂದು ವಾರದಿಂದ ಮಾತಾಗಿತ್ತು. ಹುಡುಗಿಯರು ಸಿನಿಮಾ ನಟ ಬರುತ್ತಾನೆಂದೇ ಕಾದಿದ್ದರು. ಬಂದವನನ್ನು ನೋಡಿದರೆ ನೀರಿನ ಮೋಟಾರು ರಿಪೇರಿಗೆ ಬಂದವನ ಹಾಗಿದ್ದ. ಒಂದು ಹಳೇ ಚೀಲ, ಗಡ್ಡದಲ್ಲಿ ಬಿಳಿ ಕೂದಲು. ಇನ್ನೂ ನಲವತ್ತು ತುಂಬಿಲ್ಲ ಎಂದರು. ನಡಿಗೆ ಮಾತ್ರ ಅರವತ್ತರದು. ಬಲಗಾಲನ್ನು ಊರುವ ಮುಂಚೆ ಒಂದು ಗಳಿಗೆ ಯೋಚಿಸಿ ಊರುತ್ತಿದ್ದ.

ಅವನ ಹೆಸರು ರಾಮೋನ್. ಎರಡನೇ ದಿನಕ್ಕೇ ಹುಡುಗಿಯರು ರಾಮಣ್ಣ ಸಾ ಎಂದು ಮಾಡಿದರು. ಅವನೂ ಅದಕ್ಕೇ ತಿರುಗಿ ನೋಡುತ್ತಿದ್ದ.

ಅವನ ಊಟ ನನ್ನ ಪಾಲಿಗೆ ಬಂತು. ನಾನು ತಟ್ಟೆ ಇಟ್ಟು ಬಾಗಿಲ ಮರೆಗೆ ಹೋಗಿಬಿಡುತ್ತಿದ್ದೆ. ಗಂಡಸರ ಮುಂದೆ ನಿಂತು ಬಡಿಸಿ ಅಭ್ಯಾಸವಿಲ್ಲ, ಅದರಲ್ಲೂ ಪರದೇಶದವನು. ಒಂದು ಸಂಜೆ ನಾನು ಬೆಳ್ಳುಳ್ಳಿ ರಾಶಿ ಹಾಕಿಕೊಂಡು ಕೂತಿದ್ದೆ. ಮಾರನೆಯ ದಿನ ಉಪ್ಸಾರಿಗೆ ಖಾರ ಅರೆಯಬೇಕಿತ್ತು. ಅವನು ಬಂದು ಏನೂ ಕೇಳದೆ ಎದುರಿಗೆ ಕೂತು, ನೋಯುವ ಕಾಲನ್ನು ಉದ್ದಕ್ಕೆ ಚಾಚಿ, ಒಂದು ಗೆಡ್ಡೆ ಎತ್ತಿಕೊಂಡು ಬಿಡಿಸಲು ಶುರು ಮಾಡಿದ. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ತಾನಾಗಿ ಕಳಚುತ್ತಿತ್ತು. ನನಗೆ ಎದ್ದು ಹೋಗಲೂ ಆಗಲಿಲ್ಲ, ಕೂತಿರಲೂ ಆಗಲಿಲ್ಲ. ಅಷ್ಟರಲ್ಲಿ ಆಟದ ಟೀಚರ್ ಶಿಲ್ಪ ಮಿಸ್ಸು ಕಾಫಿಗೆ ಬಂದಳು. ಹನೂರಿನ ಹುಡುಗಿ, ಇಂಗ್ಲಿಷ್ ಬಲ್ಲವಳು. ಅವನನ್ನು ಏನೋ ಕೇಳಿ ನನ್ನ ಕಡೆ ತಿರುಗಿದಳು.

"ಅವ್ರ ಅವ್ವನೂ ಇಂಗೇ ರಾಶಿ ಆಕಂಡು ಕೂತ್ಕತಿದ್ರಂತೆ ಗೌರಕ್ಕ. ನೀವು ಏನೂ ಮಾತಾಡ್ಬೇಕಾಗಿಲ್ವಂತೆ, ಸುಮ್ನೆ ಕೂತಿರಿ ಅಂತವ್ರೆ."

ಮಾತಾಡಬೇಕಾಗಿಲ್ಲ ಎಂದದ್ದೇ ನನಗೆ ಸಮಾಧಾನವಾಯಿತು. ಅಂದಿನಿಂದ ಸಂಜೆಯ ಬೆಳ್ಳುಳ್ಳಿ ಅವನದೂ ನನ್ನದೂ ಸೇರಿದ ಕೆಲಸವಾಯಿತು. ಹುಡುಗಿಯರ ಜೊತೆ ಕೆಸರಲ್ಲಿ ನಿಂತು ಬಂದವನು ಮೊಣಕಾಲಿಗೆ ಮುಲಾಮು ತಿಕ್ಕಿಕೊಂಡು ಬಂದು ಕೂರುತ್ತಿದ್ದ. ಶಿಲ್ಪ ಮಿಸ್ಸು ಕಾಫಿ ಹಿಡಿದು ಹೊಸ್ತಿಲ ಮೇಲೆ ಕೂತು, ಅವನು ಹೇಳಿದ್ದನ್ನು ನಮ್ಮ ಮಾತಿಗೆ ಮಾಡುತ್ತಿದ್ದಳು. ಅವನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಅವನ ಕಥೆ ನನಗೆ ಚೂರು ಚೂರಾಗಿ ಬಂತು. ನಾನು ಜೋಡಿಸಿಕೊಂಡದ್ದನ್ನು ಹೇಳುತ್ತೇನೆ. ಎಲ್ಲೋ ಒಂದೆರಡು ಚೂರು ತಪ್ಪಿರಬಹುದು.

ಅವನದು ಸಮುದ್ರದ ದಡದ ಸಣ್ಣ ಊರು. ಅಪ್ಪ ಮೀನಿನ ದೋಣಿಯಲ್ಲಿ ಕೆಲಸಕ್ಕೆ ಹೋಗುವವನು, ಅವ್ವ ಬಲೆ ಹೊಲಿಯುವವಳು. ಮೀಸೆ ಮೂಡುವ ಮೊದಲೇ ಇವನ ಆಟ ನೋಡಿ ಪಟ್ಟಣದ ತಂಡದವರು ಕರೆದುಕೊಂಡು ಹೋಗಿ ಹಾಸ್ಟೆಲಿನಲ್ಲಿ ಇಟ್ಟರು. ಅವ್ವನ ಅಡುಗೆ ನೆನೆದು ದಿಂಬಿಗೆ ಮುಖ ಒತ್ತಿ ಅಳುತ್ತಿದ್ದನಂತೆ. ನಮ್ಮ ಪೋಡಿನ ಹುಡುಗಿಯರು ಸೋಮವಾರ ಮಂಕಾಗಿ ಬಂದರೆ ಅವನು ಆ ದಿನ ಓಡಿಸುತ್ತಿರಲಿಲ್ಲ, ಸುಮ್ಮನೆ ಚೆಂಡು ಕೊಟ್ಟು ಆಡಲು ಬಿಡುತ್ತಿದ್ದ. ಅದು ಯಾಕೆಂದು ನನಗೆ ಆವತ್ತು ಗೊತ್ತಾಯಿತು.

ಅವನ ಜಾಗ ಯಾವುದು ಎಂದು ತೋರಿಸಲು ಅವನು ತಟ್ಟೆಯಲ್ಲಿ ಬೆಳ್ಳುಳ್ಳಿ ಎಸಳುಗಳನ್ನು ಹರಡಿದ. ಹಿಂದೆ ಕಾಯುವವರು, ಮುಂದೆ ಗೋಲು ಹೊಡೆಯುವವರು. ನಟ್ಟನಡುವೆ ಒಂದು ಸಣ್ಣ ಎಸಳು ಇಟ್ಟು ತನ್ನ ಎದೆ ಮುಟ್ಟಿಕೊಂಡ. ಹಿಂದಿನವರಿಂದ ತೆಗೆದುಕೊಳ್ಳುವುದು, ಮುಂದಿನವರಿಗೆ ಕೊಡುವುದು, ಇಷ್ಟೇ ಕೆಲಸ. ಸರಿಯಾಗಿ ಮಾಡಿದರೆ ಯಾರಿಗೂ ಕಾಣುವುದಿಲ್ಲ, ಒಂದು ಸಲ ತಪ್ಪಿದರೆ ಊರಿಗೆಲ್ಲ ಕಾಣುತ್ತದೆ. ನನಗೆ ನಮ್ಮ ಮನೆ ಮೋಲ್ಡ್ ಹಾಕಿದ ದಿನ ನೆನಪಾಯಿತು. ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ನಿಂತು ಕಾಂಕ್ರೀಟಿನ ಬಾಣಲಿ ಕೊಡುತ್ತಾರಲ್ಲ, ಏಣಿಯ ನಡುವೆ ನಿಂತವಳು ನಾನು. ಕಲಸಿದವನಿಗೆ ಹೆಸರು, ಮೇಲೆ ಸುರಿದು ಮಟ್ಟ ಮಾಡಿದ ಮೇಸ್ತ್ರಿಗೆ ಹೆಸರು. ನಡುವಿನವಳ ತೋಳು ಬಿದ್ದುಹೋಗಿದ್ದು ಯಾರಿಗೆ ಗೊತ್ತು. ಇದನ್ನು ನಾನು ಹೇಳಲಿಲ್ಲ. ಆದರೆ ಆ ಎಸಳನ್ನು ನೋಡಿ ತಲೆಯಾಡಿಸಿದೆ. ಇವಳಿಗೆ ಅರ್ಥವಾಯಿತು ಎಂದು ಅವನಿಗೂ ಅರ್ಥವಾಯಿತು.

ತನ್ನ ದೇಶದ ಎಲ್ಲಕ್ಕಿಂತ ಮೇಲಿನ ಪಂದ್ಯಗಳಲ್ಲಿ ಅವನು ಆಡಿದ್ದು ಒಂದೇ ವರ್ಷ. ಆ ವರ್ಷದ ಮಾತು ಬಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಆಟದ ಮೈದಾನದ ಸುತ್ತ ಮನೆಗಳಷ್ಟು ಎತ್ತರಕ್ಕೆ ಜನ ಕೂತಿರುತ್ತಿದ್ದರಂತೆ. ಅಪ್ಪ ಒಂದು ದಿನ ದೋಣಿಗೆ ರಜ ಹಾಕಿ ನೋಡಲು ಬಂದು, ಕೋಟಿನ ಗುಂಡಿ ಮೇಲಿಂದ ಕೆಳಗಿನವರೆಗೂ ಹಾಕಿಕೊಂಡು ಕೂತಿದ್ದನಂತೆ. ಮಾರನೆಯ ವರ್ಷ ಹೊಸ ಕೋಚ್ ಬಂದ. ಇವನನ್ನು ಬೇರೊಂದು ತಂಡಕ್ಕೆ ಬಾಡಿಗೆಗೆ ಕೊಟ್ಟರು. ಶಿಲ್ಪ ಮಿಸ್ಸು ಹಾಗೆಂದಾಗ ನಾನು ತಡೆಯಲಾರದೆ ಕೇಳಿಬಿಟ್ಟೆ.

"ಮನ್ಸರ್ನೂ ಬಾಡ್ಗೆಗೆ ಕೊಟ್ಟರಾ ಮಿಸ್ಸು?"

"ಕೊಟ್ಟರು ಕನ ಗೌರಕ್ಕ. ಉಳಕ್ಕೆ ಜೊತೆ ಎತ್ತು ಕೊಡಲ್ವ, ಅಂಗೆ. ಉತ್ತು ಮುಗುದ್ಮೇಲೆ ವಾಪಸ್ಸು."

ಅವನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಗದೆ, ಎತ್ತನ್ನು ಬಾಡಿಗೆಗೆ ಕೇಳುವುದು ಸಹ ಅದು ಕುಂಟುವವರೆಗೆ ಮಾತ್ರ ಎಂದ.

ಬಾಡಿಗೆಯ ವರ್ಷದಲ್ಲೇ ಮೊಣಕಾಲು ಹೋಯಿತು. ಯಾರೂ ತಳ್ಳಲಿಲ್ಲ, ಯಾರೂ ಒದೆಯಲಿಲ್ಲ. ತಿರುಗುವಾಗ ಮೈ ತಿರುಗಿತು, ಪಾದ ಹುಲ್ಲಲ್ಲಿ ಕಚ್ಚಿಕೊಂಡು ಅಲ್ಲೇ ಉಳಿಯಿತು. ಆಪರೇಷನ್ ಆಗಿ, ಒಂದು ವರ್ಷ ಮಲಗಿ ಎದ್ದು, ಕೆಳಗಿನ ದರ್ಜೆಯ ತಂಡಕ್ಕೆ ಸೇರಿದ. ಅಲ್ಲಿ ಚೆನ್ನಾಗಿ ಆಡಿದ. ಆ ತಂಡ ಗೆದ್ದು ಗೆದ್ದು ಮೇಲಿನ ದರ್ಜೆಗೆ ಹತ್ತಿತು. ಊರೆಲ್ಲ ಬೀದಿಗೆ ಬಂದು ಕುಣಿಯಿತಂತೆ. ಹತ್ತಿದ ಮೇಲೆ ತಂಡದವರು ಹೊಸ ಆಟಗಾರರನ್ನು ತಂದುಕೊಂಡು ಇವನ ಕೈ ಕುಲುಕಿ ಕಳಿಸಿದರು. ಅಲ್ಲಿಂದ ಬೇರೆ ಬೇರೆ ದೇಶ, ಒಂದೊಂದು ಕಡೆ ಒಂದೊಂದು ವರ್ಷ. ಹೆಂಡತಿ ಅಷ್ಟು ಊರು ಸುತ್ತಲಾರದೆ ದೂರವಾದಳು. ಮಗಳು ಓದುತ್ತಿದ್ದಾಳೆ, ಭಾನುವಾರ ಫೋನು ಮಾಡುತ್ತಾಳೆ. ಕೊನೆಗೆ ನಮ್ಮ ದೇಶದ ಒಂದು ತಂಡ ಕರೆಯಿತು, ಬಂದ.

ಇದನ್ನೆಲ್ಲ ಅವನು ಮಳೆಯ ಸಂಗತಿ ಹೇಳುವ ಹಾಗೆ ಹೇಳುತ್ತಿದ್ದ. ಯಾರ ಮೇಲೂ ದೂರಿಲ್ಲ. ಆದರೆ ಹಸ್ತ ಮಳೆ ಶುರುವಾದ ಒಂದು ಸಂಜೆ ಹೇಳಿದ್ದು ಬೇರೆ. ಆವತ್ತು ಅವನು ಬಂದವನೇ ಬೆಳ್ಳುಳ್ಳಿಗೆ ಕೈ ಹಾಕಲಿಲ್ಲ. ಬಾಗಿಲಾಚೆ ನೀರು ತುಂಬಿದ ಮೈದಾನ ನೋಡುತ್ತಾ ಕೂತಿದ್ದ.

ಅವನ ಕೊನೆಯ ಪಂದ್ಯ ಯಾವುದೆಂದು ಅವನಿಗೆ ಆಡುವಾಗ ಗೊತ್ತಿರಲಿಲ್ಲ. ನಮ್ಮ ದೇಶದ ಆ ತಂಡಕ್ಕೆ ಆಡುತ್ತಿದ್ದಾಗ, ಯಾವತ್ತಿನ ಹಾಗೇ ಒಂದು ಪಂದ್ಯ. ಆಟದ ನಡುವೆ ಕೋಚ್ ಇವನ ನಂಬರು ತೋರಿಸಿ ಹೊರಗೆ ಕರೆದ. ಇವನು ಮುಂದಿನ ವಾರ ನೋಡೋಣ ಎಂದುಕೊಂಡು ಹೊರಗೆ ಬಂದು ನೀರು ಕುಡಿದ. ಮಾರನೆಯ ಬೆಳಗ್ಗೆ ಮೊಣಕಾಲು ಕುಂಬಳಕಾಯಿ ಹಾಗಾಗಿತ್ತು. ಇನ್ನು ಆಡುವಂತಿಲ್ಲ ಎಂದರು ಡಾಕ್ಟರು. ಅಲ್ಲಿಗೆ ಮುಗಿಯಿತು. ನಮ್ಮ ಶಾಲೆಗೆ ಕಲಿಸಲು ಬಂದದ್ದು ಅದಾದ ಮೇಲೆ.

ಶಿಲ್ಪ ಮಿಸ್ಸು ನಿಧಾನವಾಗಿ ಹೇಳಿದಳು. "ಕಡೇ ಚೆಂಡು ಯಾರ್ಗೆ ಕೊಟ್ಟೆ ಅಂತ ಗ್ಯಾಪಕ ಇಲ್ವಂತೆ ಗೌರಕ್ಕ. ಚಿಕ್ ಉಡ್ಗನಿಂದ ಆಡಿದ್ ಎಷ್ಟೋ ಚೆಂಡು ಕಣ್ಮುಂದೆ ಅವೆ, ಅದೊಂದು ಮಾತ್ರ ಬತ್ತಿಲ್ವಂತೆ. ಗೊತ್ತಿದ್ದಿದ್ರೆ ನೋಡಿ ಕೊಟ್ಟಿರ್ತಿದ್ದೆ ಅಂತವ್ರೆ."

ನನಗೆ ನನ್ನದೇ ಒಂದು ಬೆಳಗ್ಗೆ ನೆನಪಾಯಿತು. ಮಕ್ಕಳೇ, ನಿಮ್ಮ ತಾತ ರೇಷ್ಮೆ ಗೂಡು ತೆಗೆದುಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಬೆಳಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು, ಏನಾದರೂ ಕುಡಿಯಲು ಕೊಡು ಎಂದಿದ್ದರು. ನಾನು ಕೊಟ್ಟೆ. ಕೊಟ್ಟದ್ದು ನೀರೋ ಮಜ್ಜಿಗೆಯೋ, ಇವತ್ತಿನವರೆಗೂ ನನಗೆ ನೆನಪಿಗೆ ಬಂದಿಲ್ಲ. ಲೋಟ ತೊಳೆದಿಟ್ಟಿದ್ದೆ, ಇಲ್ಲದಿದ್ದರೆ ಅದನ್ನಾದರೂ ನೋಡಿ ಹೇಳಬಹುದಿತ್ತು. ಇದನ್ನು ನಿಮ್ಮಪ್ಪನಿಗೂ ಹೇಳಿರಲಿಲ್ಲ. ಆವತ್ತು ತಲೆ ತಗ್ಗಿಸಿಕೊಂಡೇ ಶಿಲ್ಪ ಮಿಸ್ಸಿಗೆ ಹೇಳಿದೆ, ಅವಳು ಅವನಿಗೆ ಹೇಳಿದಳು. ಅವನು ಬೆಳ್ಳುಳ್ಳಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಎಲ್ಲವನ್ನೂ ಅವನೇ ಬಿಡಿಸಿದ.

ಆಯುಧಪೂಜೆ ಕಳೆದ ಮೇಲೆ ಕೊಳ್ಳೇಗಾಲದ ಹುಡುಗರಿಗೂ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನ ಹುಡುಗರಿಗೂ ಪ್ರತಿ ವರ್ಷ ಒಂದು ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಆ ವರ್ಷ ನಮ್ಮ ಶಾಲೆಯ ಮೈದಾನ ಕೇಳಿಕೊಂಡು ಕೊಳ್ಳೇಗಾಲದ ನಾಲ್ಕು ಹುಡುಗರು ಬಂದರು. ಅವರಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಶಿವು ಎಂಬವನು, ಸಾ ನಮ್ಮ ಕಡೆ ಆಡುತ್ತಾರಾ ಎಂದು ತಮಾಷೆಗೆ ಕೇಳಿದ. ಶಿಲ್ಪ ಮಿಸ್ಸು ಅದನ್ನು ಇಂಗ್ಲಿಷಿಗೆ ಮಾಡಿ ಮುಗಿಸುವ ಮೊದಲೇ ಇವನು ಹೂಂ ಎಂದುಬಿಟ್ಟ.

ಆಮೇಲೆ ಅಡುಗೆಮನೆಯಲ್ಲಿ ಶಿಲ್ಪ ಮಿಸ್ಸು ಅವನ ಮೇಲೆ ರೇಗಿದಳು. ಇಂಗ್ಲಿಷಿನಲ್ಲಿ ಬೈದು, ಸಾಲದೆ ನನ್ನ ಕಡೆ ತಿರುಗಿ ಕನ್ನಡದಲ್ಲೂ ಬೈದಳು. "ನೀವಾರ ಯೋಳಿ ಗೌರಕ್ಕ. ಇನ್ನೊಂದ್ ಸಲ ಮಂಡಿ ತಿರುಚ್ಕಂಡ್ರೆ ಆಮೇಲೆ ಕೋಲು ಇಡ್ಕಂಡೇ ನಡೀಬೇಕು ಅಂದವ್ರಂತೆ ಡಾಕ್ಟ್ರು. ಯಾವ್ದೋ ಕೆಸರಲ್ಲಿ ಆಡ ಆಟಕ್ಕೆ ಕಾಲು ಕಳ್ಕತಾರಂತೆ."

ಅವನು ಶಾಂತವಾಗಿ ಒಂದೇ ಮಾತು ಹೇಳಿದ. ಈ ಸಲ ಇದೇ ಕೊನೆಯದೆಂದು ತನಗೆ ಗೊತ್ತಿರುತ್ತದೆ. ಕೊನೆಯವರೆಗೂ ಮೈದಾನದಲ್ಲಿ ಇರಬೇಕು, ನಡುವೆ ಯಾರೂ ಹೊರಗೆ ಕರೆಯಬಾರದು. ಅಷ್ಟೇ ಬೇಕಾದದ್ದು. ನಾನು ಬೇಡ ಎನ್ನಲಿಲ್ಲ.

ತೊಂದರೆ ಇದ್ದದ್ದು ಬೂಟಿನಲ್ಲಿ. ದಿನವೂ ಕೆಸರಲ್ಲಿ ನೆನೆದು ನೆನೆದು ಎರಡೂ ಬೂಟಿನ ಮುಂಭಾಗ ಬಾಯಿ ಬಿಟ್ಟಿತ್ತು. ಅವನ ಕಾಲಿನ ಅಳತೆ ಕೊಳ್ಳೇಗಾಲದ ಯಾವ ಅಂಗಡಿಯಲ್ಲೂ ಇರಲಿಲ್ಲ. ಹೊಲಿಸಬೇಕು ಎಂದು ಕೈಸನ್ನೆ ಮಾಡಿ ತೋರಿಸಿದ. ಯಳಂದೂರಿನ ಬಸ್ ಸ್ಟಾಂಡ್ ಹತ್ತಿರ ಅರಳಿಮರದ ಕೆಳಗೆ ಮೆಟ್ಟು ಹೊಲಿಯಲು ಕೂರುವ ಸಿದ್ದಯ್ಯನ ಹತ್ತಿರ ಅವನನ್ನು ಕರೆದುಕೊಂಡು ಹೋದೆ. ಬಿಳಿಗಿರಿರಂಗಪ್ಪ ರಾತ್ರಿಯೆಲ್ಲ ಕಾಡು ಸುತ್ತಿ ಮೆಟ್ಟು ಸವೆಸುತ್ತಾನೆ ಎಂದು ನಮ್ಮ ಕಡೆಯವರು ಹೊಸ ಮೆಟ್ಟು ಹೊಲಿದು ಬೆಟ್ಟಕ್ಕೆ ಕೊಡುತ್ತಾರಲ್ಲ, ತೊಟ್ಟಿಲಿನಷ್ಟು ದೊಡ್ಡವು, ನೀವೂ ತಲೆಗೆ ಮುಟ್ಟಿಸಿಕೊಂಡಿದ್ದೀರಿ, ಆ ಮೆಟ್ಟು ಹೊಲಿಯುವ ಮನೆತನದವನು ಸಿದ್ದಯ್ಯ. ಬೂಟನ್ನು ಕೈಗೆ ತೆಗೆದುಕೊಂಡು ಒಂದು ಸಲ ಅದನ್ನೂ ಒಂದು ಸಲ ಇವನ ಮುಖವನ್ನೂ ನೋಡಿದ.

"ಯಾನವ್ವ ಇದು, ಕಾಲಾ ಹಲಗೆಯಾ? ಇರ್ಲಿ ಬುಡು, ರಂಗಪ್ಪನ್ ಮೆಟ್ಟು ಹೊಲ್ದಿರ ಕೈ ಇದು. ಅಳತೆಗೆ ಎದ್ರಲ್ಲ."

ಬೂಟನ್ನು ಮಗುಚಿ ಅಟ್ಟೆಯ ಮೇಲೆ ಹೆಬ್ಬೆರಳಾಡಿಸಿ, ತುಟಿ ಕಚ್ಚಿ ಲೊಚಗುಟ್ಟಿದ. ಇವನು ಕುಂಟುತ್ತಾ ಹೋಗುವುದನ್ನು ಕತ್ತು ತಿರುಗಿಸಿ ನೋಡುತ್ತಲೇ ಇದ್ದ. ನಾನು ಮಳೆ ಬರುತ್ತದೆ ಎಂದು ಬೇಗ ಹೊರಟೆ.

ಪಂದ್ಯದ ದಿನ ಬೆಳಗ್ಗೆ ಚಿತ್ತೆ ಮಳೆ ಸುರಿದು ನಿಂತಿತ್ತು. ಸಿದ್ದಯ್ಯ ತಾನೇ ಶಾಲೆಗೆ ಬಂದ. ಟವಲಿನಲ್ಲಿ ಸುತ್ತಿದ್ದ ಬೂಟು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಮುಂಭಾಗದ ಹೊಲಿಗೆ ಇರುವೆ ಸಾಲಿನ ಹಾಗೆ ನೇರವಾಗಿ ಬಂದಿತ್ತು. ರಾಮೋನ್ ಖುಷಿಯಿಂದ ಎತ್ತಿಕೊಂಡು ತಿರುಗಿಸಿ ನೋಡಿ, ಹಾಗೇ ನಿಂತ. ಫುಟ್‌ಬಾಲ್ ಬೂಟಿನ ಅಡಿಯಲ್ಲಿ ನೆಲ ಕಚ್ಚಿಕೊಳ್ಳಲು ಗುಬಟುಗಳಿರುತ್ತವಲ್ಲ, ಮನು, ಅವು ಒಂದೂ ಇರಲಿಲ್ಲ. ಎಲ್ಲವನ್ನೂ ಕೊಯ್ದು, ಉಜ್ಜಿ, ಅದರ ಮೇಲೆ ಲಾರಿ ಟೈರಿನ ದಪ್ಪ ಅಟ್ಟೆ ಹಾಕಿ ಹೊಲಿದಿದ್ದ.

ಶಿಲ್ಪ ಮಿಸ್ಸೂ ನಾನೂ ಬಗ್ಗಿ ಆ ಅಟ್ಟೆಯನ್ನೇ ನೋಡಿದೆವು. ಸಿದ್ದಯ್ಯನಿಗೆ ನಾವು ಮೆಚ್ಚಿಕೊಂಡು ನೋಡುತ್ತಿದ್ದೇವೆ ಅನಿಸಿತು.

"ಅದ್ಯಾವ ಪುಣ್ಯಾತ್ಮನೋ ಅಟ್ಟೆಗೆ ಮೊಳೆ ಬುಟ್ಟಿದ್ದ ಕನವ್ವ. ಸವ್ದು ಸವ್ದು ಒಂದು ಎತ್ರ ಒಂದು ತಗ್ಗು. ಅದ್ರ ಮ್ಯಾಲೆ ನಿಂತ್ಕಂಡ್ರೆ ಮಂಡಿ ನೋಯ್ದೆ ಇನ್ಯಾನಾದದು? ಎಲ್ಲಾನೂ ಕುಯ್ದು ಬಿಸಾಕ್ಬುಟ್ಟೆ. ಇದು ಲಾರಿ ಟೈರು, ಇವ್ನ ಮೊಮ್ಮಗನ ಕಾಲಕ್ಕೂ ಸವಿಯಲ್ಲ."

ಶಿಲ್ಪ ಮಿಸ್ಸು ತಲೆ ಮೇಲೆ ಕೈ ಹೊತ್ತುಕೊಂಡಳು. "ಅಯ್ಯೋ ಸಿದ್ದಯ್ಯ, ಆ ಮೊಳೆ ಇಲ್ದೆ ಕೆಸರಲ್ಲಿ ನಿಂತ್ಕಳಕ್ಕೇ ಆಗಲ್ಲ. ಓಡದೆಂಗೆ, ಆಡದೆಂಗೆ?"

"ರಂಗಪ್ಪ ಕಾಡೆಲ್ಲ ತಿರುಗ್ತನೆ ಮಿಸ್ಸಮ್ಮ, ಅವ್ನ ಮೆಟ್ನಲ್ಲಿ ಮೊಳೆ ಅವಾ?" ಎಂದ ಸಿದ್ದಯ್ಯ. ಆದರೆ ಅವಳ ಮುಖ ನೋಡಿ ಅವನ ದನಿ ಕುಗ್ಗಿತು. "ತೆಪ್ಪಾಯ್ತಾ ನಂದು? ಕುಂಟ್ತಾ ಬಂದ, ನೋಡಕ್ಕಾಗ್ನಿಲ್ಲ."

ಶಿಲ್ಪ ಮಿಸ್ಸು ಆ ಕೊನೆಯ ಮಾತನ್ನೂ ಬಿಡದೆ ಅವನಿಗೆ ಹೇಳಿದಳು. ರಾಮೋನ್ ಟೈರಿನ ಗೆರೆಗಳ ಮೇಲೆ ಬೆರಳಾಡಿಸಿದ. ಬಂದ ದಿನದಿಂದ ಅವನು ಬಾಯಿ ಬಿಟ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ, ಆವತ್ತು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಲ್ಲೇ ಕಟ್ಟೆಯ ಮೇಲೆ ಕೂತು ಬೂಟು ಹಾಕಿಕೊಂಡು ಬಿಗಿಯಾಗಿ ದಾರ ಕಟ್ಟಿದ. ಸಿದ್ದಯ್ಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಸಿದ್ದಯ್ಯ ಕೈ ಎಲ್ಲಿಡಬೇಕೆಂದು ತಿಳಿಯದೆ ಟವಲಿಗೆ ಒರೆಸಿಕೊಂಡ.

ಆ ಶಾಲೆಯಲ್ಲಿ ಅಷ್ಟು ದಿನ ಇದ್ದರೂ ನಾನು ಮೈದಾನದ ಕಡೆ ಹೋದವಳಲ್ಲ. ಆವತ್ತು ಸಾರು ಒಲೆಯಿಂದ ಇಳಿಸಿ, ಸೆರಗು ತಲೆಗೆ ಹಾಕಿಕೊಂಡು ಹುಡುಗಿಯರ ಹಿಂದೆ ಹೋಗಿ ನಿಂತೆ. ಮೈದಾನ ಅರ್ಧ ಹುಲ್ಲು, ಅರ್ಧ ಕೆಸರು. ಕ್ಯಾಂಪಿನ ಹುಡುಗರು ಗಿಡ್ಡ ಕಾಲಿನವರು, ಗಾಳಿಯ ಹಾಗೆ ಓಡುವವರು. ಸೀಟಿ ಊದಿದರು. ರಾಮೋನ್ ಎರಡು ಹೆಜ್ಜೆ ಓಡಿದ. ಮೂರನೆಯದಕ್ಕೆ ಟೈರಿನ ಅಟ್ಟೆ ಜಾರಿ, ಅಷ್ಟುದ್ದದ ಮನುಷ್ಯ ಕೆಸರಲ್ಲಿ ಕೂತುಬಿಟ್ಟ. ಹುಡುಗಿಯರು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಮೊಣಕಾಲು ಮುಟ್ಟಿ ನೋಡಿಕೊಂಡು ಎದ್ದ. ಶಿಲ್ಪ ಮಿಸ್ಸು ಹೊರಗೆ ಬಾ ಎಂದು ಕೈ ಮಾಡಿದಳು. ಅವನು ಇಲ್ಲ ಎಂದು ತಲೆಯಾಡಿಸಿ, ನಡುವಿನ ವೃತ್ತದೊಳಗೆ ಹೋಗಿ ನಿಂತುಕೊಂಡ.

ಆಮೇಲೆ ಅವನು ಓಡಲೇ ಇಲ್ಲ. ಓಡಿದರೆ ಜಾರುತ್ತಿತ್ತು, ಚಕ್ಕನೆ ತಿರುಗಲು ಹೋದರೂ ಜಾರುತ್ತಿತ್ತು. ನಮ್ಮ ಹೊಲದಲ್ಲಿ ಬೆದರುಬೊಂಬೆ ನಿಂತ ಹಾಗೆ ನಿಂತ. ಮೊದಮೊದಲು ನನಗೂ ಬೇಜಾರಾಯಿತು, ಇದಕ್ಕಾಗಿಯೇ ಇಷ್ಟು ಆಸೆಪಟ್ಟನೇ ಎಂದು. ನೋಡುತ್ತಾ ನೋಡುತ್ತಾ ಬೇರೆ ಏನೋ ಕಂಡಿತು. ಕೊಳ್ಳೇಗಾಲದ ಹುಡುಗರು ಚೆಂಡು ಸಿಕ್ಕಿ ದಾರಿ ತೋಚದಾಗಲೆಲ್ಲ ಅವನ ಕಡೆ ದೂಡುತ್ತಿದ್ದರು. ಅದು ಅವನ ಕಾಲಿಗೆ ಬಂದು ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಅವನು ತಲೆಯೆತ್ತಿ ನೋಡುತ್ತಿದ್ದ. ಆಮೇಲೆ ಚೆಂಡು ಹೋಗಿ ಯಾರ ಮುಂದೆ ನಿಲ್ಲಬೇಕೋ ಅವರ ಮುಂದೆ ನಿಲ್ಲುತ್ತಿತ್ತು. ಅವನು ಕೊಡುವವರೆಗೂ ಅಲ್ಲಿ ಒಬ್ಬನಿದ್ದಾನೆ ಎಂದು ನಮಗ್ಯಾರಿಗೂ ಕಂಡಿರುತ್ತಿರಲಿಲ್ಲ. ನನಗೆ ಮತ್ತೆ ಆ ಬಾಣಲಿಯ ಸಾಲು ನೆನಪಾಯಿತು. ತೋಳು ಬಿದ್ದುಹೋಗುವಷ್ಟು ಕೆಲಸ ಹೊರಗಿನಿಂದ ನೋಡಿದರೆ ಹೀಗೆ ಇರುತ್ತದಾ ಎಂದುಕೊಂಡೆ.

ಮಳೆ ಮತ್ತೆ ಹನಿಯಿತು, ಯಾರೂ ಹೋಗಲಿಲ್ಲ. ನಮ್ಮವರು ಒಂದು ಗೋಲಿನಿಂದ ಸೋಲುತ್ತಿದ್ದರು. ಇನ್ನೇನು ಮುಗಿಯಬೇಕು ಎನ್ನುವಾಗ ಚೆಂಡು ಅವನಿಗೆ ಬಂತು. ಕ್ಯಾಂಪಿನ ಇಬ್ಬರು ಹುಡುಗರು ಅವನ ಮೇಲೆ ಬಂದರು. ಅವನು ಅವಸರ ಮಾಡಲಿಲ್ಲ. ಎಡಗಡೆ ಶಿವು ಓಡುತ್ತಿದ್ದುದನ್ನು ನೋಡಿ, ಇಬ್ಬರ ನಡುವಿನ ಸಂದಿನಲ್ಲಿ, ತೊಟ್ಟಿಲು ತೂಗಿಬಿಟ್ಟಷ್ಟು ಮೆಲ್ಲಗೆ ಚೆಂಡನ್ನು ಬಿಟ್ಟ. ಅದು ಶಿವುವಿನ ಎಡಗಾಲಿಗೆ ಸರಿಯಾಗಿ ಹೋಯಿತು. ಎದುರಿಗೆ ಗೋಲು ಕಾಯುವವನು ಒಬ್ಬನೇ. ಶಿವು ಬೀಸಿ ಒದ್ದ. ಚೆಂಡು ಕಂಬದ ಮೇಲಿಂದ ಹಾರಿ ಪಕ್ಕದ ಕಬ್ಬಿನ ಗದ್ದೆಗೆ ಬಿತ್ತು. ಅದನ್ನು ಹುಡುಕುತ್ತಿರುವಾಗಲೇ ಕೊನೆಯ ಸೀಟಿ ಊದಿದರು.

ಶಿವು ತಲೆ ಚಚ್ಚಿಕೊಂಡು ಕೂತ. ಹುಡುಗಿಯರು ಅಯ್ಯೋ ಎಂದರು. ರಾಮೋನ್ ಮಾತ್ರ ನಡುವಿನ ವೃತ್ತದಲ್ಲೇ ನಿಂತಿದ್ದ. ಕಬ್ಬಿನ ಗದ್ದೆಯ ಕಡೆ ನೋಡಲಿಲ್ಲ. ಶಿವು ಚೆಂಡು ತೆಗೆದುಕೊಂಡ ಆ ಜಾಗವನ್ನೇ ನೋಡುತ್ತಿದ್ದ.

ಆವತ್ತು ಸಂಜೆ ಬೆಳ್ಳುಳ್ಳಿ ಇರಲಿಲ್ಲ, ಆದರೂ ಬಂದು ಕೂತ. ಮುಲಾಮಿನ ವಾಸನೆ ಬರಲಿಲ್ಲ. ಮೊಣಕಾಲು ಊದಿರಲಿಲ್ಲ. ತಿರುಗಿದಾಗ ಅಟ್ಟೆ ನೆಲ ಕಚ್ಚದೆ ಜಾರಿದ್ದರಿಂದ ಮೊಣಕಾಲು ಉಳಿಯಿತು, ಆ ಹಳೇ ಗುಬಟು ಇದ್ದಿದ್ದರೆ ಓಡಿ ತಿರುಗಿ ಏನಾಗುತ್ತಿತ್ತೋ ಎಂದು ಶಿಲ್ಪ ಮಿಸ್ಸು ಹೇಳಿದಳು. ಹಾಗೇ ಇರಬಹುದು, ನನಗೆ ಗೊತ್ತಿಲ್ಲ. ಅವನು ನನ್ನ ಕಡೆ ನೋಡಿ, ಶಿಲ್ಪ ಮಿಸ್ಸಿನ ಸಹಾಯವಿಲ್ಲದೆ ತಾನೇ ಹೇಳಿದ. "ಶಿವು." ಆಮೇಲೆ ತನ್ನ ಎಡಗಾಲನ್ನು ಎರಡು ಸಲ ತಟ್ಟಿ ತೋರಿಸಿದ. ನಾನು ಹೂಂ ಎಂದೆ. ನೋಡಿದೆ ಎಂದೆ. ಅವನ ಮುಂದೆ ನೇರವಾಗಿ ನಾನಾಡಿದ ಮಾತು ಅದೊಂದೇ ಇರಬೇಕು.

ಸಿದ್ದಯ್ಯ ಮಾರನೆಯ ದಿನ ವಿಚಾರಿಸಲು ಬಂದ. ಬಾಗಿಲ ಹೊರಗಿದ್ದ ಬೂಟು ಎತ್ತಿ ಅಟ್ಟೆ ನೋಡಿ, ಒಂದು ಗೀರೂ ಬಿದ್ದಿಲ್ಲವಲ್ಲ ಎಂದು ಬೆರಗಾದ.

"ಓಡ್ನೇ ಇಲ್ವವ್ವ ಇವ್ನು?"

"ಓಡ್ನಿಲ್ಲ ಕನಣ್ಣ. ನಿಂತ್ಕಂಡೇ ಆಡ್ದ, ಮುಗಿಯಗಂಟ."

"ಅಂಗಾರೆ ನಾ ಮಾಡಿದ್ದು ಸರಿಯಾಯ್ತು ಬುಡು" ಎಂದು ಸಿದ್ದಯ್ಯ ಟವಲು ಕೊಡವಿಕೊಂಡು ಹೋದ.

ಸ್ವಾತಿ ಮಳೆಯಲ್ಲಿ, ದೀಪಾವಳಿಗೆ ಮುಂಚೆ ಅವನು ಹೊರಟ. ಹುಡುಗಿಯರೆಲ್ಲ ಅತ್ತರು. ಗೇಟಿನ ತನಕ ಆಟೋ ಕರೆಸುತ್ತೇವೆ ಎಂದರೆ ಬೇಡ ಎಂದ, ಬಸ್ಸಿನವರೆಗೆ ನಡೆದೇ ಹೋಗುತ್ತೇನೆ ಎಂದ. ಗುಬಟಿನ ಬೂಟು ಹಾಕಿಕೊಂಡು ರಸ್ತೆಯಲ್ಲಿ ಯಾರಿಗೂ ನಡೆಯಲಾಗುವುದಿಲ್ಲ, ಅದು ಮೈದಾನದೊಳಗೆ ಮಾತ್ರ. ಆದರೆ ಸಿದ್ದಯ್ಯ ಅದನ್ನು ನಡೆಯುವ ಬೂಟು ಮಾಡಿಕೊಟ್ಟಿದ್ದನಲ್ಲ. ಅದನ್ನೇ ಹಾಕಿಕೊಂಡಿದ್ದ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನಾನು ಒಂದು ಲೋಟ ಮಜ್ಜಿಗೆ ಕೊಟ್ಟೆ. ಕೊಡುವಾಗ ನೋಡಿ ಕೊಟ್ಟೆ. ಕರಿಬೇವಿನ ಎಸಳು ಮೇಲೆ ತೇಲುತ್ತಿತ್ತು, ಶುಂಠಿ ಸ್ವಲ್ಪ ಹೆಚ್ಚಾಗಿತ್ತು. ಅವನು ನಿಂತೇ ಕುಡಿದು, ಲೋಟ ಕೈಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಕುಂಟು ಹಾಗೇ ಇತ್ತು. ಊರುವ ಮುಂಚೆ ಯೋಚಿಸುವುದು ಮಾತ್ರ ಸ್ವಲ್ಪ ಕಡಿಮೆಯಾಗಿತ್ತು. ಆಮೇಲೆ ಅವನ ಸುದ್ದಿ ನನಗೆ ತಿಳಿಯದು. ಶಿಲ್ಪ ಮಿಸ್ಸೂ ಮದುವೆಯಾಗಿ ಬೇರೆ ಊರಿಗೆ ಹೋದಳು. ನನ್ನ ಮೊಣಕಾಲೂ ಕೈಕೊಟ್ಟು ನಾನು ಆ ಕೆಲಸ ಬಿಟ್ಟೆ.

ಊರಿಗೆ ಹೊರಟವರ ಹಿಂದೆಯೇ ಬಾಗಿಲು ಗುಡಿಸಬಾರದು, ಗುಡಿಸಿದರೆ ಹೋದವರು ತಿರುಗಿ ಬರುವುದಿಲ್ಲ ಎನ್ನುವುದು ನಿಮಗೂ ಗೊತ್ತು, ನಿಮ್ಮಮ್ಮನಿಗೆ ನಾನು ಅದಕ್ಕೇ ಪ್ರತಿ ಸಲವೂ ಹೇಳುವುದು. ನಿಮ್ಮ ತಾತ ಹೋದ ದಿನ ನಾನು ಗುಡಿಸಿದ್ದೆ. ಮಾರುಕಟ್ಟೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಬರುವವರನ್ನು ಹೊರಟವರು ಎಂದು ಯಾರು ಅಂದುಕೊಳ್ಳುತ್ತಾರೆ.

ರಾಮೋನ್ ಹೋದ ಬೆಳಗ್ಗೆ ಅಡುಗೆಮನೆಯ ಮುಂದಿನ ಅಂಗಳ ಒದ್ದೆಯಾಗಿತ್ತು. ಬಾಗಿಲಿನಿಂದ ಗೇಟಿನವರೆಗೆ ಮಣ್ಣಿನಲ್ಲಿ ಲಾರಿ ಟೈರಿನ ಗುರುತು ಬಿದ್ದಿತ್ತು, ಒಂದು ಆಳ, ಒಂದು ತೇಲಿದ್ದು, ಒಂದು ಆಳ, ಒಂದು ತೇಲಿದ್ದು. ನಾನು ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಒಲೆ ಹಚ್ಚಿದೆ. ದಿನವೆಲ್ಲ ಹೋಗುವಾಗ ಬರುವಾಗ ಅದನ್ನು ತುಳಿಯದೆ ಬಳಸಿಕೊಂಡು ನಡೆದೆ. ಸಂಜೆ ಮಳೆ ಬಂದು ಅಂಗಳವನ್ನು ಅದೇ ಗುಡಿಸಿತು.